ನೀಲವ್ವನ ಬುದ್ಧಿಗೆ ನಾನು ಬರೆದ ಅಂಕಿ

ನೀಲವ್ವ, ನಿನ್ನ ಮಗಳು ನಿನ್ನ ಕೈತಪ್ಪಿ ಹೋದದ್ದು ನನ್ನಿಂದ. ನೀನು ದಿನಬೆಳಗಾದರೆ ಹಣೆಬರಹವನ್ನು ಬೈದುಕೊಳ್ಳುತ್ತೀಯಂತೆ — ಬೈಯಬೇಕಾದದ್ದು ನನ್ನನ್ನು. ನಿನಗೆ ಬುದ್ಧಿ ಬೆಳೆದಿಲ್ಲ ಎಂದು ಕಾಗದದಲ್ಲಿ ಸುಳ್ಳು ಬರೆದವಳು ನಾನು. ಆ ಸುಳ್ಳನ್ನೇ ಕೋರ್ಟಿನಲ್ಲಿ ನಿಂತು ಖರೆ ಎಂದವಳೂ ನಾನೇ. ಈ ನಾಲ್ಕು ಸಾಲು ಬರೆಯಲು ನನಗೆ ಹದಿಮೂರು ವರ್ಷ ಹಿಡಿಯಿತು. ಥೂ, ನನ್ನ ಜನ್ಮಕ್ಕಿಷ್ಟು.

ಮನಸ್ಸು ಕೆಟ್ಟವರ ಮಾತು ಕೇಳುವುದು, ಮಕ್ಕಳ ಬುದ್ಧಿಮಟ್ಟ ಅಳೆಯುವುದು — ಇದು ನನ್ನ ಕೆಲಸವಾಗಿತ್ತು. ಸೋಮವಾರ ಬೈಲಹೊಂಗಲ, ಬುಧವಾರ ಸವದತ್ತಿ, ಶುಕ್ರವಾರ ರಾಮದುರ್ಗ. ಮೂವತ್ತು ವರ್ಷ ಬಸ್ಸಿನಲ್ಲೇ ತಿರುಗಿದೆ. ನಾನು ಹತ್ತಿದರೆ ಸಾಕು, ಯಾರಾದರೊಬ್ಬರು “ಬರ್ರಿ ಅಕ್ಕಾರ, ಕುಂದರ್ರಿ” ಎಂದು ಎದ್ದು ಜಾಗ ಬಿಡುತ್ತಿದ್ದರು. ಅದು ನನ್ನ ತಲೆಗೇರಿತ್ತು ನೀಲವ್ವ. ಒಳ್ಳೆಯವಳು ಅನ್ನಿಸಿಕೊಳ್ಳುವ ಚಟ ಹತ್ತಿಬಿಟ್ಟಿತ್ತು. ನಿನಗೆ ಮಾಡಿದ ಅನ್ಯಾಯವೂ ಆ ಚಟದಿಂದಲೇ ಹುಟ್ಟಿತು ಅಂದರೆ ನಂಬುತ್ತೀಯಾ?

ಸವದತ್ತಿಯ ಶಿಬಿರಕ್ಕೆ ಮನೋಳಿಯಿಂದ ನಿನ್ನ ತಾಯಿ ಬಸವ್ವ ನಿನ್ನನ್ನು ಕರೆತಂದಾಗ ನಿನಗೆ ಹದಿನಾರೋ ಹದಿನೇಳೋ. ಒಂದು ಕಿವಿ ಮಂದ. ಅದರಿಂದಲೇ ಶಾಲೆಯಲ್ಲಿ ಹಿಂದೆ ಬಿದ್ದು ಮನೆ ಸೇರಿದ್ದೆ. ಬಸವ್ವನಿಗೆ ಗಂಡನಿರಲಿಲ್ಲ. ಮಗಳಿಗೆ ಬುದ್ಧಿ ಇಲ್ಲವೆಂದು ಕಾಗದವಾದರೆ ಸರ್ಕಾರದ ಮಾಸಾಶನ ಬರುತ್ತದೆಂದು ಯಾರೋ ಹೇಳಿದ್ದರು — ನಮ್ಮ ಜನ ಅದಕ್ಕೆ ‘ಪಗಾರ’ ಅನ್ನುತ್ತಾರಲ್ಲ, ಅದು. ಏನು ಕೇಳಿದರೂ ಗೊತ್ತಿಲ್ಲ ಅನ್ನು ಎಂದು ದಾರಿಯುದ್ದಕ್ಕೂ ನಿನಗೆ ಪಾಠ ಹೇಳಿಕೊಂಡು ಬಂದಿದ್ದಳು. ನೀನು ಎಲ್ಲಿ ಕೇಳುತ್ತೀ!

“ಸಾರಿಗೆ ಉಪ್ಪ ಹೆಚ್ಚಾದ್ರ ಏನ ಮಾಡ್ತಿ?” ಎಂದು ಕೇಳಿದೆ.

“ಬ್ಯಾಳಿ ಹಾಕಿ ಮತ್ತ ಕುದಸತೇನ್ರಿ,” ಅಂದೆ ನೀನು. “ಬೀಗರು ಆಗಲೇ ಉಣ್ಣಾಕ ಕುಂತಿದ್ರ ಅಷ್ಟ ನೀರ ಹಾಕತೇನಿ.”

ನಾನು ನಕ್ಕುಬಿಟ್ಟೆ. ಬಸವ್ವ ಹಣೆ ಬಡಿದುಕೊಂಡಳು. ಎಲ್ಲ ಮುಗಿದಾಗ ನಿನ್ನ ಅಂಕಿ ಎಪ್ಪತ್ತೊಂಬತ್ತು ಬಂತು. ಕಿವಿ ಸರಿಯಾಗಿ ಕೇಳಿಸಿದ್ದರೆ ಇನ್ನೂ ಹೆಚ್ಚೇ ಬರುತ್ತಿತ್ತು. ಪಗಾರದ ಕಾಗದಕ್ಕೆ ಎಪ್ಪತ್ತಕ್ಕಿಂತ ಕೆಳಗಿರಬೇಕು. ನಿನ್ನನ್ನು ಕಿವಿಯ ಡಾಕ್ಟರ ಹತ್ತಿರ ಕಳಿಸಬೇಕಿತ್ತು ನಾನು. ಅಷ್ಟೇ ನನ್ನ ಕರ್ತವ್ಯವಾಗಿತ್ತು.

ನಿನ್ನನ್ನು ಹೊರಗೆ ಕೂರಿಸಿ ಬಂದು ಬಸವ್ವ ನನ್ನ ಕಾಲು ಹಿಡಿದಳು. “ಬಡವರ ಮನಿ ಐತ್ರಿ ಅಕ್ಕಾರ. ಒಂದ ಅಂಕಿ ತಿದ್ದಿದ್ರ ನಿಮ್ಮ ಗಂಟೇನ ಹೋಗತೈತಿ?”

ನನ್ನ ಗಂಟೇನೂ ಹೋಗುವಂತಿರಲಿಲ್ಲ. ನಲವತ್ತೆಂಟು ಎಂದು ಬರೆದೆ. ನನ್ನ ವರದಿ ನಂಬಿ ವೈದ್ಯರು ಸಹಿ ಹಾಕಿದರು. ಬಸವ್ವ ಕೈಮುಗಿದು ದೇವರಂಥಾಕಿ ಅಂದಳು — ಮತ್ತು ನಾನು, ನೀಲವ್ವ, ಆ ಮಾತಿಗೆ ಉಬ್ಬಿಹೋದೆ. ಅಂದು ಅನ್ನ ರುಚಿಯಾಗಿ ಸೇರಿತು ನನಗೆ.

ಆಮೇಲೆ ನಿನಗೆ ರಾಮದುರ್ಗದ ಹುಡುಗನೊಂದಿಗೆ ಮದುವೆಯಾಯಿತು. ಮಗಳು ಪೂಜಾ ಹುಟ್ಟಿದಳು. ಅವಳಿಗೆ ಮೂರು ವರ್ಷವಾದಾಗ ಗಂಡ ಜಗಳ ತೆಗೆದು ನಿನ್ನನ್ನು ತವರಿಗೆ ಅಟ್ಟಿ, ಕೂಸನ್ನು ತಾನೇ ಇಟ್ಟುಕೊಂಡ. ನೀನು ಕೋರ್ಟಿಗೆ ಹೋದೆ. ಅಷ್ಟು ಸಣ್ಣ ಕೂಸು ತಾಯಿಗೇ ಸಿಗಬೇಕಿತ್ತು, ಸಿಗುತ್ತಿತ್ತು ಕೂಡ. ಆದರೆ ಅವರ ವಕೀಲ ಎಲ್ಲಿಂದಲೋ ನನ್ನ ಕಾಗದ ಹುಡುಕಿ ತೆಗೆದ. ಇಷ್ಟು ಬುದ್ಧಿಯವಳು ಕೂಸನ್ನು ಹೇಗೆ ಸಾಕುತ್ತಾಳೆ ಎಂದು ಕೇಳಿದ. ನನಗೆ ಸಮನ್ಸ್ ಬಂತು.

ಸಾಕ್ಷಿಯ ದಿನ ಕೋರ್ಟಿನ ಪಡಸಾಲೆಯಲ್ಲಿ ನೀನು ನನ್ನ ಹತ್ತಿರ ಬಂದೆ. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಎಷ್ಟೋ —

“ಆ ಪರೀಕ್ಷಾ ಇನ್ನೊಮ್ಮೆ ತಗೋರಿ ಅಕ್ಕಾರ,” ಅಂದೆ. “ಹ್ವಾದ ಸಲ ಏನೋ ತಪ್ಪ ಹೇಳಿರಬೇಕ ನಾ. ಈ ಸಲ ಎಲ್ಲಾ ಬರೋಬರಿ ಹೇಳತೇನಿ.”

ನೀನು ತಪ್ಪು ಹೇಳಿರಲಿಲ್ಲ ತಾಯಿ! ನಿನಗೆ ಅದು ಗೊತ್ತೇ ಇರಲಿಲ್ಲ. ನಿನ್ನ ಬುದ್ಧಿಯೇ ಕಡಿಮೆ ಎಂದು ನೀನೂ ನಂಬಿದ್ದೆ. ನಂಬಿಸಿದವಳು ಎದುರಿಗೇ ಕೂತು, ಕೈಚೀಲದ ಹಿಡಿಕೆ ತಿರುವುತ್ತ, “ನೋಡೂಣು ತಡಿ” ಎಂದಳು.

ಕಟಕಟೆಯಲ್ಲಿ ವಕೀಲ ಕೇಳಿದ್ದು ಒಂದೇ ಪ್ರಶ್ನೆ. ಈ ವರದಿ ಬರೆದವರು ನೀವೇ ಏನ್ರಿ, ಇದು ಖರೆ ಏನ್ರಿ?

“ಖರೆ ಐತ್ರಿ.”

ಎರಡೇ ಶಬ್ದ. ನನ್ನ ಈ ವರದಿ ಸುಳ್ಳೆಂದರೆ ಉಳಿದ ವರದಿಗಳನ್ನೂ ಕೆದಕುತ್ತಾರೆ, ನಿಜಕ್ಕೂ ಬುದ್ಧಿ ಬೆಳೆಯದ ಮಕ್ಕಳ ಪಗಾರವೂ ನಿಂತೀತು — ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಚಂದದ ನೆಪ. ಒಳಗಿದ್ದದ್ದು ನೌಕರಿಯ ಅಂಜಿಕೆ, ಬಸ್ಸಿನಲ್ಲಿ ಎದ್ದು ಜಾಗ ಬಿಡುವ ಜನರ ಅಂಜಿಕೆ. ಹಿಂತಿರುಗಿ ನಿನ್ನ ಮುಖ ನೋಡದೆ ಹೊರಬಿದ್ದೆ. ಕೂಸು ಗಂಡನ ಪಾಲಾಯಿತೆಂದು ಆಮೇಲೆ ಯಾರೋ ಹೇಳಿದರು.

ಸನ್ಮಾನಗಳಾದವು, ಶಾಲುಗಳು ಬಂದವು. ನಿವೃತ್ತಿಯಾಗಿ ಈಗ ಭಾನುವಾರ ಕಿತ್ತೂರಿನಲ್ಲಿ ಕೂತು ಬಂದವರಿಗೆ ಪುಕ್ಕಟೆ ಬುದ್ಧಿ ಹೇಳುತ್ತೇನೆ. ಹೋದ ಭಾನುವಾರ ರಾಮದುರ್ಗದಿಂದ ಪಿಯುಸಿ ಓದುವ ಹುಡುಗಿಯೊಬ್ಬಳು ಒಬ್ಬಳೇ ಬಂದಳು. ಹೆಸರು ಪೂಜಾ ಅಂದಳು. ತಾಯಿಯ ಊರು ಮನೋಳಿ ಅಂದಳು.

“ನಮ್ಮವ್ವಗ ಬುದ್ಧಿ ಇಲ್ರಿ, ಕೋರ್ಟಿನ್ಯಾಗ ಹಂಗ ಆಗೇತಿ,” ಅಂದಳು. “ಅದು ನನಗೂ ಬರತೈತೇನ್ರಿ? ಒಂದ ಲೆಕ್ಕ ತಪ್ಪಿದ್ರ ಸಾಕು, ನಮ್ಮ ಆಯಿ, ಅಪ್ಪನ ಅವ್ವ, ‘ಅವ್ವನ ರಕ್ತ’ ಅಂತಾಳ್ರಿ.”

ಅವ್ವನನ್ನು ನೋಡಿದ್ದೀಯಾ ಎಂದು ಕೇಳಿದೆ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ನೀನು ಓಡಿ ಬಂದು ಅವಳ ಕೈ ಹಿಡಿದೆಯಂತೆ. ಅಂಜಿಕೆಯಾಗಿ ಬಿಡಿಸಿಕೊಂಡು ಓಡಿದಳಂತೆ. ಅದನ್ನು ಹೇಳುವಾಗ ಆ ಹುಡುಗಿ ತನ್ನ ಕೈಯನ್ನು ಸೆರಗಿಗೆ — ಅಲ್ಲ, ಅವಳದು ಸೆರಗೆಲ್ಲಿ, ದುಪಟ್ಟಾಕ್ಕೆ — ಒರೆಸಿಕೊಳ್ಳುತ್ತಿದ್ದಳು. ಎದುರಿಗೇ ಕೂತಿದ್ದಳು ನೀಲವ್ವ, ಹೇಳಿಬಿಡಬಹುದಿತ್ತು. ನಾನು, ಈ ಹೇಡಿ, ಮುಂದಿನ ಭಾನುವಾರ ಬಾ ಎಂದು ಕಳಿಸಿದೆ.

ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಸೇರಬಾರದು ಕೂಡ. ಇಂದು ವಕೀಲರೊಬ್ಬರ ಬಳಿ ಹೋಗಿ ನಡೆದದ್ದೆಲ್ಲ ಬರೆಸಿ ಸಹಿ ಹಾಕಿ ಬಂದೆ. ಕೋರ್ಟು ಕೊಡುವ ಶಿಕ್ಷೆ ಕೊಡಲಿ. ಪೂಜಾ ಬಂದರೆ ಮೊದಲು ಅವಳ ಮುಂದೆ ಹೇಳುತ್ತೇನೆ. ಹದಿಮೂರು ವರ್ಷ ಯಾರ ಕಾಗದದಿಂದಲೂ ತಿರುಗಿ ಬರುವುದಿಲ್ಲ, ನನಗೆ ಗೊತ್ತು. ಅವಳನ್ನು ಕರೆತರುತ್ತೇನೆಂದು ಮಾತು ಕೊಡಲಾರೆ, ಅದು ಅವಳಿಗೆ ಬಿಟ್ಟದ್ದು.

ನಾನಂತೂ ಬರುತ್ತೇನೆ. ಕ್ಷಮಿಸು ಅನ್ನುವುದಿಲ್ಲ. ಬಾಗಿಲನ್ನೂ ತೆಗೆಯಬೇಡ. ನಿಮ್ಮ ಓಣಿಯಲ್ಲಿ ನಿಂತು, ನಿನ್ನನ್ನು ಹುಚ್ಚಿ ಎಂದು ಕರೆಯುವ ಅಷ್ಟೂ ಜನರಿಗೆ ಕೇಳುವಂತೆ ಕೂಗಿ ಹೇಳುತ್ತೇನೆ — ನೀಲವ್ವ ಶ್ಯಾಣ್ಯಾಕಿ ಇದ್ದಾಳ್ರೀ. ಸುಳ್ಳ ಬರದಾಕಿ ನಾನು.