ಹೊಲಿಗೆ ಹೊರಗಿರುವ ಅಂಗಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂರನೆಯ ಮಹಡಿಯ ಪುಟ್ಟ ಮನೆಯಲ್ಲಿ, ಕಿಟಕಿಗೆ ಒತ್ತಿಕೊಂಡಿರುವ ಹೊಲಿಗೆ ಯಂತ್ರದ ಮುಂದೆ ಅವರು ಕುಳಿತಿದ್ದಾರೆ. ಹೊಸ ಅಂಗಿಯೊಂದರ ಕುತ್ತಿಗೆಯ ಹಿಂದಿನ ಲೇಬಲ್ಲನ್ನು ಎಳೆ ಎಳೆಯಾಗಿ ಬಿಡಿಸುತ್ತಾರೆ. ಬಿಡಿಸಿದ ಜಾಗವನ್ನು ತಮ್ಮ ಕೆನ್ನೆಗೆ ಉಜ್ಜಿ ನೋಡುತ್ತಾರೆ. ಚೂರು ಚುಚ್ಚಿದರೂ ಕತ್ತರಿ ಮತ್ತೆ ಕೆಲಸಕ್ಕಿಳಿಯುತ್ತದೆ. ಯಂತ್ರಕ್ಕೆ ಮೋಟಾರಿಲ್ಲ. ಒಳಗೆ ಮಲಗಿರುವ ಹತ್ತು ವರ್ಷದ ಮಗನಿಗೆ ಮೋಟಾರಿನ ಸದ್ದು ಆಗದು. ಪೆಡಲಿನ ಸದ್ದಿಗೆ ಅವನ ತಕರಾರಿಲ್ಲ.

ಅಕ್ಕಪಕ್ಕದವರು ಅವರನ್ನು ‘ಟೈಲರಮ್ಮ’ ಎನ್ನುತ್ತಾರೆ. ಅವರು ಮಕ್ಕಳಿಗೆ ಹೊಲಿಯುವ ಬಟ್ಟೆಯನ್ನು ಅಂಗಡಿಯಲ್ಲಿ ನೇತುಹಾಕಿದರೆ ಯಾರೂ ಮೂಸಿಯೂ ನೋಡಲಿಕ್ಕಿಲ್ಲ: ಹೊಲಿಗೆಯೆಲ್ಲ ಹೊರಗೆ, ನುಣುಪೆಲ್ಲ ಒಳಗೆ. ಮಗನಿಗೆ ಆಟಿಸಂ ಇದೆ. ಬಟ್ಟೆಯ ಅಂಚು ಚರ್ಮಕ್ಕೆ ತಾಗಿದರೆ ಅವನಿಗೆ ಮೈಮೇಲೆ ಕೆಂಜಿರುವೆ ಬಿಟ್ಟ ಹಾಗೆ.

“ಚಿಕ್ಕೋನಿದ್ದಾಗ ಅಂಗಿ ಹಾಕಿದ್ರೆ ಕಿತ್ತು ಬಿಸಾಕೋನು. ಹಠ ಇದು, ಎರಡು ಬಾರಿಸು ಅಂದ್ರು ಎಲ್ರೂ. ಬಾರಿಸಿದೀನಿ ಕೂಡ. ಒಂದಿನ ಅವನೇ ಉಲ್ಟಾ ಹಾಕ್ಕೊಂಡು ಸುಮ್ನೆ ಕೂತಿದ್ದ. ಆವತ್ತು ಗೊತ್ತಾಯ್ತು ನಂಗೆ.”

ಆಸ್ಪತ್ರೆಯ ಬೆಂಚಿನಲ್ಲಿ ಕಾಯುತ್ತ ಕೂರುವ, ಇಂಥದೇ ಮಕ್ಕಳ ತಾಯಂದಿರಲ್ಲಿ ಈ ಉಲ್ಟಾ ಹೊಲಿಗೆಯ ಸುದ್ದಿ ಬಾಯಿಂದ ಬಾಯಿಗೆ ಹರಡಿದೆ. ಈಗ ವಾರಕ್ಕೆ ಏಳೆಂಟು ಜನ ಬರುತ್ತಾರೆ. ಇವತ್ತೂ ಬೆಳಗಾಗುತ್ತಲೇ ಒಬ್ಬರು ಬಂದು, ಚೀಲ ಕೊಟ್ಟು, ಬಾಗಿಲಲ್ಲೇ ನಿಲ್ಲುತ್ತಾರೆ.

“ನಿಮ್ಮೋನು ರಾತ್ರಿ ಮಲಗ್ತಾನಾ?”

“ಮಲಗ್ತಾನಲ್ಲ. ನಾನು ಏಳೋ ಹೊತ್ತಿಗೆ ಸರಿಯಾಗಿ.”

ಇಬ್ಬರೂ ನಗುತ್ತಾರೆ. ನಗು ಮುಗಿಯುವ ಮೊದಲೇ ಬಂದವರು ಮೆಟ್ಟಿಲು ಇಳಿದಾಗಿರುತ್ತದೆ. ಅವರ ಮಗಳನ್ನು ಪಕ್ಕದ ಮನೆಯವರು ಅರೆಗಳಿಗೆಗಿಂತ ಹೆಚ್ಚು ನೋಡಿಕೊಳ್ಳುವುದಿಲ್ಲ. “ಅರ್ಥ ಆಗೋರಿಗೆ ಕೂರೋಕೆ ಪುರುಸೊತ್ತಿಲ್ಲ,” ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತ ಹೇಳುತ್ತಾರೆ. “ಪುರುಸೊತ್ತಿರೋರಿಗೆ ಅರ್ಥ ಆಗಲ್ಲ.” ಗಂಡ ಲಾರಿ ಓಡಿಸುತ್ತಾರೆ. ಮನೆಗೆ ಬಂದ ದಿನ ಸತ್ತವರಂತೆ ಮಲಗುತ್ತಾರೆ. ಎಬ್ಬಿಸಲು ಇವರಿಗೆ ಮನಸ್ಸು ಬರುವುದಿಲ್ಲ.

ಇರುವವಳು ಒಬ್ಬಳು ಅಕ್ಕ, ಅದೂ ನಾಲ್ಕು ಬೀದಿ ಆಚೆ. ಎರಡು ವರ್ಷದ ಹಿಂದೆ ಅಕ್ಕನ ಮಗಳ ಹುಟ್ಟುಹಬ್ಬದಲ್ಲಿ ಬಲೂನು ಒಡೆದ ಸದ್ದಿಗೆ ಹುಡುಗ ಬೆಚ್ಚಿ ಮೇಜು ಉರುಳಿಸಿದ. ಎಲ್ಲರೆದುರು ಅಕ್ಕ ಅಂದಳು: “ಮುಂದಿನ ಸಲ ನೀನೊಬ್ಬಳೇ ಬಾ.” ಒಬ್ಬಳೇ ಹೋಗುವುದು ಹೇಗೆ? ಅಂದಿನಿಂದ ಅಕ್ಕ ಈ ಮನೆಯ ಮೆಟ್ಟಿಲು ಹತ್ತಿಲ್ಲ. ಆಗೊಮ್ಮೆ ಈಗೊಮ್ಮೆ ಫೋನು, ಅಷ್ಟೇ. ಅವಳು ಮತ್ತೆ ಬರಬೇಕು, ಒಂದು ಗಂಟೆ ಮಗನ ಹತ್ತಿರ ಕೂರಬೇಕು. ಟೈಲರಮ್ಮನ ಆಸೆ ಇಷ್ಟೇ. ಬಾಯಿಬಿಟ್ಟು ಕೇಳಿಲ್ಲ.

ಕಳೆದ ವಾರ ಅಕ್ಕನ ಮಗಳಿಗೊಂದು ಫ್ರಾಕು ಹೊಲಿದು ಕಳಿಸಿದರು. ತಲುಪಿದ ಸಂಜೆಯೇ ಫೋನು ಬಂತು.

“ಏನೇ ಇದು, ಹೊಲಿಗೆ ಎಲ್ಲ ಹೊರಗಿದೆ? ಕಣ್ಣು ಎಲ್ಲಿತ್ತು ನಿಂಗೆ?”

ಕೈಗೆ ರೂಢಿಯಾದದ್ದು ಮನಸ್ಸನ್ನು ಕೇಳುವುದಿಲ್ಲವಲ್ಲ. “ಅಯ್ಯೋ ಅಕ್ಕ, ವಾಪಸ್ ಕಳಿಸು, ಬಿಚ್ಚಿ ಹೊಲಿದು ಕೊಡ್ತೀನಿ.”

“ಎಲ್ಲಿ, ಇವಳು ಮೈಮೇಲಿಂದ ತೆಗೀತಾನೇ ಇಲ್ಲ. ಚುಚ್ಚಲ್ಲ ಅಮ್ಮ ಅಂತಾಳೆ. ನಾನೂ ಒಳಗೆ ಕೈ ಹಾಕಿ ನೋಡಿದೆ. ಬೇರೆ ಬಟ್ಟೆ ಎಲ್ಲ ಅವನಿಗೆ ಅಷ್ಟು ಚುಚ್ಚುತ್ತಾ?”

“ಹೂಂ ಅಕ್ಕ.”

“ಭಾನುವಾರ ಮನೇಲಿರ್ತೀಯಾ?”

“ಇನ್ನೆಲ್ಲಿಗೆ ಹೋಗ್ಲಿ?”

ಅಕ್ಕ ಬಂದಳು. ಚಪ್ಪಲಿ ಬಿಟ್ಟು, ಒಳಗೆ ಕಾಲಿಡದೆ ಕೇಳಿದಳು: “ಅವನು ಕಿವಿ ಮುಚ್ಕೊಂಡು ಕೂಗಿದ್ರೆ ನಾನೇನು ಮಾಡ್ಬೇಕು, ಹೇಳು.” ಇಷ್ಟು ವರ್ಷದಲ್ಲಿ ಮನೆಯವರು ಯಾರೂ ಕೇಳದ ಮಾತು.

“ಏನೂ ಮಾಡ್ಬೇಡ. ಮುಟ್ಬೇಡ. ಸುಮ್ನೆ ಪಕ್ಕ ಕೂತಿರು.”

“ಸರಿ, ನಡಿ ಆಚೆ. ಒಂದು ಗಂಟೆ ಈ ಕಡೆ ತಲೆ ಹಾಕಿದ್ರೆ ನೋಡು.”

ಆ ಒಂದು ಗಂಟೆಯ ಬಗ್ಗೆ ಕೇಳಿದರೆ ಟೈಲರಮ್ಮ ನಾಚಿಕೊಳ್ಳುತ್ತಾರೆ. ಬಟ್ಟೆಯ ಮಡಿಕೆಯನ್ನು ಬೆರಳಲ್ಲಿ ತೀಡುತ್ತ ಕೂರುತ್ತಾರೆ.

“ಬೀದಿಗೆ ಬಂದೆ. ಯಾವ ಕಡೆ ಹೋಗೋದು ಅಂತಾನೇ ಹೊಳೀಲಿಲ್ಲ. ದಾರಿ ಗೊತ್ತಿರೋದು ಆಸ್ಪತ್ರೆಗೆ, ದಾರದ ಅಂಗಡಿಗೆ. ಯಾರನ್ನಾದ್ರೂ ನೋಡೋಣ ಅಂದ್ರೆ, ಹಾಗೆ ಹೋಗಿ ಬಾಗಿಲು ತಟ್ಟೋ ಗೆಳತೀರು ಯಾರೂ ಉಳಿದಿಲ್ಲ. ಎದುರುಗಡೆ ಗೋಡೆ ಹತ್ರ ನಿಂತ್ಕೊಂಡು ನಮ್ಮನೆ ಕಿಟಕೀನೇ ನೋಡ್ತಾ ಇದ್ದೆ. ವಾಪಸ್ ಬಂದ್ಮೇಲೆ, ಎಲ್ಲಿ ಹೋಗಿದ್ದೆ ಅಂದ್ಳು ಅಕ್ಕ. ಇಲ್ಲೇ ಸುತ್ತಾಡ್ಕೊಂಡು ಬಂದೆ ಅಂದೆ.”

ಒಳಗೆ ಮಗ ಎದ್ದ ಸದ್ದು. ಅವರು ಪೆಡಲಿನಿಂದ ಕಾಲು ತೆಗೆಯುತ್ತಾರೆ.

“ಬರೋ ಭಾನುವಾರನೂ ಬರ್ತೀನಿ ಅಂದಿದಾಳೆ. ಅಷ್ಟ್ರೊಳಗೆ ಎಲ್ಲಾದ್ರೂ ಒಂದು ಜಾಗ ಯೋಚನೆ ಮಾಡಿಟ್ಕೋಬೇಕು.”