ಕೈಯಿಂದ ಬರೆದಿಟ್ಟ ವಿಳಾಸ

ಮೊನ್ನೆ ಕುಂಕಳ್ಳಿಯಲ್ಲಿ ನಮ್ಮ ಫ್ಯಾಕ್ಟರಿಯ ಸ್ಟೋರ್ ರೂಮು ಖಾಲಿ ಮಾಡುವಾಗ ಹಳೆಯ ರೂಟರೊಂದು ಸಿಕ್ಕಿತು. ಉಳಿದ ಹೆಂಗಸರು ಮದುವೆಯ ಸೀರೆ ಕಂಡು ಕಣ್ಣೊರೆಸಿಕೊಳ್ಳುತ್ತಾರೆ. ನಾನು ಆ ಧೂಳು ಹಿಡಿದ ಡಬ್ಬಿ ಕಂಡು ಒರೆಸಿಕೊಂಡೆ. ಅದರ ಮೇಲಿನ ಚೀಟಿಯಲ್ಲಿ ದಾವಲ್ ಚಾಚಾ ಬರೆದ ಎರಡೇ ಮಾತು ಇನ್ನೂ ಇದ್ದವು: 'ಮೊದಲು ಕೇಳು.'

ನಮ್ಮ ಫ್ಯಾಕ್ಟರಿಯ ಲೈನು ನೋಡಿಕೊಳ್ಳುತ್ತಿದ್ದ ಚಾಚಾ ವಿಜಯಪುರದ ಕಡೆಯವರು. ವಾಸ್ಕೋ ಬಂದರಿನಲ್ಲಿ ಹಮಾಲಿ ಮಾಡಿ, ಕೇಬಲ್ ಎಳೆದು, ನೋಡಿ ನೋಡಿಯೇ ಲೈನಿನ ಕೆಲಸ ಕಲಿತವರು. ನಾನು ಡಿಪ್ಲೊಮಾದ ಹಮ್ಮಿನಲ್ಲಿ ಬಂದವಳು. ಆಗ ನಮ್ಮಲ್ಲಿಂದ ವಾಸ್ಕೋದ ಗೋದಾಮಿಗೆ ಫ್ರೇಮ್ ರಿಲೇ ಎಂಬ ಹಳೆಯ ಕಾಲದ ಡೇಟಾ ಲೈನು ಇತ್ತು. ಆ ತುದಿಯಲ್ಲಿ ಯಾವ ವಿಳಾಸದ ರೂಟರ್ ಇದೆಯೆಂದು ನಮ್ಮದಕ್ಕೆ ತಿಳಿಯಬೇಕಲ್ಲ? ನಾವೇ ಕೈಯಿಂದ ಬರೆದಿಡಬಹುದು. ಬಿಟ್ಟರೆ ಅದೇ 'ನೀನ್ಯಾರು?' ಎಂದು ಕೇಳಿ ತಿಳಿದುಕೊಳ್ಳುತ್ತದೆ. ಯಂತ್ರವನ್ನು ಯಾರು ನಂಬುತ್ತಾರೆ! ನಾನು ಬರೆದಿಟ್ಟೆ.

ಒಂದು ದಿನ ಗೋದಾಮಿನವರು ತಮ್ಮ ರೂಟರಿನ ವಿಳಾಸ ಬದಲಿಸಿದರು. ಬೆಳಗಿನಿಂದ ಲೈನಿಲ್ಲ. ನಾನು ಕೇಬಲ್ಲಿಗೂ ಗೋದಾಮಿಗೂ ಬೈದು ಮುಗಿಸಿದ ಮೇಲೆ ಚಾಚಾ ನಾನು ಬರೆದ ಸಾಲನ್ನು ಅಳಿಸಿ, ಲೈನು ಬಂದ್ ಮಾಡಿ ಚಾಲೂ ಮಾಡಿದರು. ರೂಟರ್ ತಾನೇ ಕೇಳಿ ತಿಳಿದುಕೊಂಡಿತು.

"ನೋಡ್ ತಂಗೆವ್ವಾ, ನೀ ಬರದಿಟ್ಟಿ ಅಂದ್ರ ಅದು ಕೇಳೂದ ಬಿಡತೈತಿ. ಎಲ್ಲಾ ಗೊತ್ತೈತಿ ಅಂತ ಕುಂದರತೈತಿ, ನಿನ್ನಂಗ!" ಎಂದು ನಕ್ಕು ಆ ಚೀಟಿ ಅಂಟಿಸಿದರು. ನನಗೆ ಮೈಯೆಲ್ಲ ಉರಿಯಿತು. ಅವರೋ, ಬಸ್ಸಿನಲ್ಲಿ ಪಕ್ಕ ಕೂತವರನ್ನೂ "ಯಾವೂರ್ರಿ ನಿಮ್ದು? ಈಗ ಎಲ್ಲಿರ್ತೀರಿ?" ಎಂದು ಕೇಳದೆ ಇಳಿಯುವವರಲ್ಲ.

ಮರುವರ್ಷ ಚಾಚಾ ಕೆಲಸ ಬಿಟ್ಟರು. ಡೈರಿಯಲ್ಲಿ ಅವರ ವಿಳಾಸ ಬರೆದುಕೊಂಡೆ: ವಾಸ್ಕೋದ ಬಾಯ್ನಾ, ಸಮುದ್ರದ ಕಡೆಯ ಸಾಲು, ಹಸಿರು ಬಾಗಿಲು. ನನ್ನ ಮದುವೆಯ ಕಾರ್ಡು ಹಿಡಿದು ಹೋದರೆ ಬಾಗಿಲೂ ಇಲ್ಲ, ಸಾಲೂ ಇಲ್ಲ. ಮನೆಗಳನ್ನೆಲ್ಲ ಕೆಡವಿದ್ದರು. ದಂಡೆಯಲ್ಲಿ ನಾಲ್ಕು ಜನ ಬಲೆ ಬಿಡಿಸುತ್ತ ಕೂತಿದ್ದರು. ಕೇಳಬಹುದಿತ್ತು. ಕೇಳಲಿಲ್ಲ ನೋಡಿ! ಕಾರ್ಡು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಅಪ್ಪನ ಮುಖ ನೋಡದೆ ಬೆಳೆದವಳು ನಾನು. ಅಕ್ಷತೆ ಬೀಳುವಾಗಲೂ ಬಾಗಿಲ ಕಡೆ ಚಾಚಾ ಅವರನ್ನೇ ಹುಡುಕಿದೆ. ಇಪ್ಪತ್ತು ವರ್ಷದಿಂದ ಆ ಡೈರಿಯ ಹಾಳೆ ತೆಗೆದು ನೋಡುತ್ತಲೇ ಇದ್ದೇನೆ.

ಚೀಟಿ ಸಿಕ್ಕ ಮರುದಿನ ಬೆಳಿಗ್ಗೆ ಫಾತೋರ್ಡಾದಲ್ಲಿ ನಮ್ಮ ಕಡೆಯ ಕೂಲಿಯವರು ನಿಲ್ಲುವ ಜಾಗಕ್ಕೆ ಹೋದೆ. ಕುಂಕಳ್ಳಿಯಿಂದ ಬಂದಿದ್ದೇನೆ, ಲೈನ್ ಕೆಲಸದ ದಾವಲ್ ಚಾಚಾ ಗೊತ್ತೇ ಎಂದು ಸಿಕ್ಕವರನ್ನೆಲ್ಲ ಕೇಳಿದೆ. ಮೂರನೆಯವನು, ಗಾರೆ ಕೆಲಸದ ಒಬ್ಬ ಗೌಂಡಿ, ನನ್ನನ್ನೇ ದಿಟ್ಟಿಸಿದ.

"ಫ್ಯಾಕ್ಟರಿ ತಂಗೆವ್ವ ನೀವೇನ್ರಿ? ಈಗ ವಾಸ್ಕೋದಾಗ ಮಗನ ಮನ್ಯಾಗ ಅದಾರ್ರಿ. ಕುಂಕಳ್ಳಿಯವ್ರು ಯಾರ ಸಿಕ್ರೂ ಕೇಳ್ತಾರ, ಆಕಿ ಆರಾಮ ಅದಾಳೇನು ಅಂತ. ನೀವ ಹೋಗಿ ಬರ್ರಿ ಅಂದ್ರ, ಲಗ್ನಕ್ಕ ಕರೀಲಿಲ್ಲೋ, ಹ್ಯಾಂಗ ಹೋಗ್ಲಿ ಅಂತಾರ."

ಅವನೇ ತನ್ನ ಮೊಬೈಲಿನಲ್ಲಿ ಚಾಚಾಗೆ ಫೋನ್ ಹಚ್ಚಿ ಕೊಟ್ಟ.

"ಯಾರ್ರಿ?" ಎಂದಿತು ಆ ತುದಿಯ ದನಿ. ಮುದಿಯಾಗಿತ್ತು, ಆದರೆ ಅದೇ.

"ಚಾಚಾ, ನಾನ್ರಿ, ತಂಗೆವ್ವ. ಕಾರ್ಡ್ ತಗೊಂಡು ಬಾಯ್ನಾಕ್ಕ ಬಂದಿದ್ದೆ ನಾ. ನಿಮ್ಮ ಮನಿನ ಇರಲಿಲ್ರಿ."



"ಮತ್ತ ಯಾರನ್ನರ ಕೇಳಬಾರದೇನ, ಹುಚ್ಚಿ?" ಎಂದರು.