ಮೀಸೆ ಹೋಯಿತು, ಮಾವ ಬಂದರು

೧೯೬೩ನೇ ಇಸವಿಯ ಡಿಸೆಂಬರ್ ತಿಂಗಳು. ಆಗ ನಾನು ಬಸವನಗುಡಿಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ನಮ್ಮೂರು ಚಿಕ್ಕಲಸಂದ್ರ. ಈಗ ಅದು ಬೆಂಗಳೂರಿನ ಹೊಟ್ಟೆಯೊಳಗೆ ಸೇರಿಹೋಗಿದೆ. ಆಗ ರಾಗಿ, ಅವರೆ ಬೆಳೆಯುವ ಹಳ್ಳಿ. ಪರೀಕ್ಷೆ, ನಾಟಕ ಅಂತ ನೆಪ ಸಿಕ್ಕಾಗಲೆಲ್ಲ ನಾನು ಹನುಮಂತನಗರದಲ್ಲಿ ಗೆಳೆಯ ಸೀನನ ಬಾಡಿಗೆ ಕೋಣೆಯಲ್ಲೇ ಠಿಕಾಣಿ ಹೂಡುತ್ತಿದ್ದೆ. ಸಂಜೆ ಗಾಂಧಿಬಜಾರಿನಲ್ಲಿ ಒಂದು ಸುತ್ತು, ಬೈಟು ಕಾಫಿ, ಆಮೇಲೆ ಗುಡ್ಡದ ಮೇಲೆ ಕೂತು ಹರಟೆ. ಓದಿದ್ದಕ್ಕಿಂತ ಇದೇ ಹೆಚ್ಚು.

ಆ ವರ್ಷ ಕಾಲೇಜು ವಾರ್ಷಿಕೋತ್ಸವಕ್ಕೆ ನಮ್ಮ ಕನ್ನಡ ಮೇಷ್ಟ್ರು ತಾವೇ ಒಂದು ನಾಟಕ ಬರೆದಿದ್ದರು. ನಮ್ಮದು ಹುಡುಗರ ಕಾಲೇಜು. ನನ್ನ ಮೈ ತೆಳ್ಳಗೆ, ದನಿ ಸಣ್ಣ. ರಾಣಿಯ ಪಾತ್ರ ನನ್ನ ಕೊರಳಿಗೆ ಬಿತ್ತು. ನಾಟಕದ ದಿನ ಬೆಳಿಗ್ಗೆ ಮೇಷ್ಟ್ರು ನನ್ನ ಮುಖ ದಿಟ್ಟಿಸಿ, "ರಾಣಿಗೆ ಮೀಸೆ ಏನಯ್ಯಾ? ಹೋಗಿ ತೆಗೆಸ್ಕೊಂಡು ಬಾ" ಅಂದರು.

ಅವರಿಗೆ ಅದು ಸುಲಭದ ಮಾತು. ನಮ್ಮ ಕಡೆ ಅಪ್ಪ ಬದುಕಿರುವಾಗ ಮಗ ಮೀಸೆ ತೆಗೆಸುವ ಹಾಗಿಲ್ಲ. ಅಪ್ಪ ತೀರಿಕೊಂಡಾಗಲೇ ತಲೆಗೂ ಮೀಸೆಗೂ ಕತ್ತಿ ಬೀಳುವುದು. ಮೀಸೆ ಮತ್ತೆ ಬೆಳೆಯುವ ತನಕ ಊರ ಕಡೆ ತಲೆ ಹಾಕದಿದ್ದರಾಯಿತು ಅಂದುಕೊಂಡು ಕ್ಷೌರದಂಗಡಿಯಲ್ಲಿ ಕೂತೆ. ವಿಗ್ಗು ಸರಿಯಾಗಿ ಕೂರಲೆಂದು ಜೊತೆಗೆ ಬಂದಿದ್ದ ಸೀನ ನನ್ನ ಕೂದಲು ಒದ್ದೆ ಮಾಡಿ ತಲೆಗೆ ಟವೆಲನ್ನು ಬಿಗಿದು ಕಟ್ಟಿದ.

ಹಾಗೇ ಇಬ್ಬರೂ ಗಾಂಧಿಬಜಾರಿನ ಹೂವಿನ ಸಾಲಿಗೆ ಬಂದೆವು. ಎದುರಿಗೆ ಹೂವಿನ ಬುಟ್ಟಿ ತುಂಬಿದ ಎತ್ತಿನ ಗಾಡಿ, ಅದರ ಮೇಲೆ ನನ್ನ ಸೋದರಮಾವ.

ಮಾವ ಅಂದರೆ ಅವ್ವ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಮಡಿವಾಳದಲ್ಲಿ ಅವರ ಹೂವಿನ ತೋಟ. ಅವರ ಮದುವೆಯಲ್ಲಿ ಮೊದಲ ವೀಳ್ಯ ತನಗೆ ಕೊಡದೆ ಬೇರೆ ಯಾರಿಗೋ ಕೊಟ್ಟರು ಅಂತ ಅಪ್ಪ ಊಟದ ಎಲೆ ಬಿಟ್ಟು ಎದ್ದು ಬಂದಿದ್ದರು. ಅಂದಿನಿಂದ ಎರಡು ಮನೆಗೂ ಮಾತಿಲ್ಲ, ಕತೆಯಿಲ್ಲ. ಗೌರಿ ಹಬ್ಬ ಬಂತೆಂದರೆ ಅವ್ವ ಹಿತ್ತಲಲ್ಲಿ ಒಬ್ಬಳೇ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಅಪ್ಪನ ಎದುರು ಮಾವನ ಹೆಸರೆತ್ತುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಮಾವ ನನ್ನನ್ನು ನೋಡಿಬಿಟ್ಟರು. ಬೋಳು ತುಟಿ ಕಾಣದಿರಲೆಂದು ನಾನು ಟವೆಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಪಕ್ಕದ ಗಲ್ಲಿಗೆ ನುಗ್ಗಿದೆ. ಗಲ್ಲಿಗಳಲ್ಲೇ ಗಂಟೆಗಟ್ಟಲೆ ಸುತ್ತಿ, ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಮಾವನಿಂದ ತಪ್ಪಿಸಿಕೊಂಡೆನೆಂದು ಹೇಳಿ ನಕ್ಕೆ. ಸೀನ ನಗಲಿಲ್ಲ.

"ಗುರು, ಮೀಸೆ ಇಲ್ಲ, ತಲೆಗೆ ಬಟ್ಟೆ, ಬಾಯಿಗೂ ಬಟ್ಟೆ ಒತ್ಕೊಂಡು ಓಡ್ದೆ. ನಿಮ್ಮ ಮಾವ ಏನಂತ ತಿಳ್ಕೊಂಡಿರ್ತಾರೆ ಹೇಳು."

ಕಾಫಿ ಅಲ್ಲೇ ಬಿಟ್ಟು ಎದ್ದೆ. ಹೂವಿನ ಸಾಲಿಗೆ ಓಡಿದರೆ ಗಾಡಿ ಇಲ್ಲ. "ಮಡಿವಾಳದೋರಾ? ಅವರ ಭಾವ ಹೋಗ್ಬಿಟ್ರಂತೆ. ದೊಡ್ಡದೊಂದು ಹಾರ ಕಟ್ಟಿಸ್ಕೊಂಡು ಅಳ್ತಾ ಹೋದ್ರು ಪಾಪ, ಬುಟ್ಟಿನೂ ಇಳಿಸ್ಲಿಲ್ಲ" ಅಂದಳು ಹೂವಿನಾಕೆ.

ಸೀನನ ಸೈಕಲ್ ಕಿತ್ತುಕೊಂಡು ಕತ್ರಿಗುಪ್ಪೆ ದಾರಿ ಹಿಡಿದೆ. ಬದುಕಿರುವ ಅಪ್ಪನ ಮುಂದೆ ಮಾವ ಹೆಣದ ಹಾರ ಹಿಡಿದು ನಿಂತರೆ, ಬೇಕೆಂದೇ ಅವಮಾನ ಮಾಡಲು ಬಂದ ಅಂತಲೇ ಅಪ್ಪ ತಿಳಿಯುತ್ತಾರೆ. ಅಲ್ಲಿಗೆ ಅವ್ವನಿಗೆ ಈ ಜನ್ಮದಲ್ಲಿ ತವರಿಲ್ಲ. ತುಳಿದೆ, ತುಳಿದೆ, ಎಲ್ಲೂ ನಿಲ್ಲಿಸದೆ ತುಳಿದೆ.

ನಾನು ಮುಟ್ಟುವಷ್ಟರಲ್ಲಿ ಗಾಡಿ ಮನೆ ಮುಂದೆ ನಿಂತಿತ್ತು. ಅಂಗಳದಲ್ಲಿ ಮಾವ ತೋಳುದ್ದದ ಸೇವಂತಿಗೆ ಹಾರ ಹಿಡಿದು ಕಲ್ಲಿನಂತೆ ನಿಂತಿದ್ದರು. ಜಗಲಿಯ ಮೇಲೆ ಅಪ್ಪ ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಯಾಕ್ಲಾ, ಯಾರ್ ಹೋದ್ರು?" ಅಪ್ಪನೇ ಕೇಳಿದರು. ಆ ಮದುವೆಯ ನಂತರ ಅವರು ಮಾವನೊಡನೆ ಆಡಿದ ಮೊದಲ ಮಾತು ಅದು.

ಮಾವ ಹಾರ ಕೈಬಿಟ್ಟು ಅಪ್ಪನ ಕಾಲು ಹಿಡಿದುಕೊಂಡರು. "ನೀವೇ ಹೋಗ್ಬಿಟ್ರಿ ಅಂದ್ಕೊಂಡೆ ಭಾವ. ನನ್ ಜೊತೆ ಒಂದ್ ಮಾತೂ ಆಡ್ದೆ ಹೋಗ್ಬಿಟ್ರಲ್ಲ ಅಂತ..."

ಆಗ ಅಪ್ಪ ತಲೆಯೆತ್ತಿ ಬೇಲಿಯ ಬಳಿ ನಿಂತಿದ್ದ ನನ್ನನ್ನು ನೋಡಿದರು. ತುಟಿ ನೋಡಿದರು, ಟವೆಲ್ ನೋಡಿದರು. ಎಲ್ಲ ಅರ್ಥವಾಯಿತು. "ನಾನಿನ್ನೂ ಬದ್ಕಿವ್ನಿ ಕಣಲೇ" ಎಂದು ನನಗೆ ಬಾರಿಸಲು ಕಾಯಿಯ ಮೊರ ಎತ್ತಿಕೊಂಡರು. ಅಷ್ಟರಲ್ಲಿ ಅವ್ವ ಹೊರಗೆ ಬಂದಳು.

ಅವಳು ನನ್ನನ್ನು ನೋಡಲೇ ಇಲ್ಲ. ತಮ್ಮನನ್ನು ನೋಡಿದಳು. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು, "ಕಾಲ್ ತೊಳ್ಕೊಳಪ್ಪ" ಅಂದಳು. ಅವನು ಚೊಂಬು ಹಿಡಿಯುವ ಮೊದಲೇ ತಾನೇ ಬಾಗಿ ಕಾಲಿಗೆ ನೀರು ಹೊಯ್ದಳು. ಅಪ್ಪ ಅದನ್ನೇ ನೋಡುತ್ತಾ ಮೊರ ಕೆಳಗಿಟ್ಟರು. "ಸಾರು ಆಗೈತೇನು ನೋಡು. ಹಸ್ಕೊಂಡ್ ಬಂದವ್ನೆ" ಅಂದರು.

ಅವ್ವ ಮೊದಲು ಆ ಹಾರವನ್ನು ಬೇಲಿಯಾಚೆ ಎಸೆದಳು. ಆಮೇಲೆ ಉಪ್ಪು, ಮೆಣಸಿನಕಾಯಿ ತಂದು ಅಪ್ಪನಿಗೆ ದೃಷ್ಟಿ ತೆಗೆದಳು. "ಬಿಡಕ್ಕ, ಸತ್ತ ಸುದ್ದಿ ಸುಳ್ಳಾದ್ರೆ ಆಯಸ್ಸು ಜಾಸ್ತಿ ಆಯ್ತದೆ" ಅಂದರು ಮಾವ. "ಹಂಗಾದ್ರೆ ಇನ್ನೂ ಒಸಿ ಜೋರಾಗಿ ಅಳ್ಬೇಕಾಗಿತ್ತು ನೀನು" ಅಂದರು ಅಪ್ಪ. ಮಾವ ನಕ್ಕರು, ಅವ್ವ ಅತ್ತಳು.

ಊಟಕ್ಕೆ ಕೂತಾಗ ನಾನು ನಾಟಕದ ವಿಷಯ ಬಾಯಿಬಿಟ್ಟೆ. ಅಪ್ಪ ನನ್ನ ಕಡೆ ತಿರುಗಿದರು.

"ಏನ್ ಪಾರ್ಟು?"

"ರಾಣಿ."

"ನಾಟಕದಾಗೆ ರಾಜ ಬದ್ಕವ್ನಾ?"

"ಬದ್ಕವ್ನೆ."

"ಸದ್ಯ" ಅಂದು ಮುದ್ದೆ ಮುರಿದರು.

ಸಂಜೆ ಎಲ್ಲರೂ ಹೂವಿನ ಗಾಡಿಯಲ್ಲೇ ನಾಟಕಕ್ಕೆ ಬಂದರು. ಮಾರದೆ ಉಳಿದಿದ್ದ ಕನಕಾಂಬರವನ್ನೆಲ್ಲ ಅವ್ವ ತನ್ನ ಕೈಯಾರೆ ರಾಣಿಯ ಜಡೆಗೆ ಮುಡಿಸಿದಳು. ಆ ದಿನ ನಾನು ಎಷ್ಟು ಮಾತು ಮರೆತೆನೋ, ಮೇಷ್ಟ್ರು ಪರದೆಯ ಹಿಂದಿನಿಂದ ಎಷ್ಟು ಹೇಳಿಕೊಟ್ಟರೋ. ಅಪ್ಪ, ಮಾವ ಒಂದೇ ಬೆಂಚಿನ ಮೇಲೆ ಅಂಟಿ ಕೂತಿದ್ದದ್ದೊಂದೇ ನನಗೆ ಕಾಣುತ್ತಿತ್ತು. ಮುಂದಿನ ಗೌರಿ ಹಬ್ಬಕ್ಕೆ ಮಡಿವಾಳದಿಂದ ಬಾಗಿನ ಬಂತು.

ಮಾವ ಹೇಳಿದಂತೆ ಅಪ್ಪನ ಆಯಸ್ಸು ಗಟ್ಟಿಯಿತ್ತು. ಮೊಮ್ಮಕ್ಕಳ ಮದುವೆಯಲ್ಲಿ ಮೊದಲ ವೀಳ್ಯ ತೆಗೆದುಕೊಂಡೇ ಅವರು ಹೋದದ್ದು. ಆ ದಿನ ಬೆನ್ನು ಬಾಗಿದ್ದ ಮಾವ ಅಂಥದೇ ಸೇವಂತಿಗೆ ಹಾರ ತಂದು ಅಪ್ಪನ ಕೊರಳಿಗೆ ಹಾಕುತ್ತಾ ಮೆಲ್ಲಗೆ, "ಭಾವ, ಆವತ್ತು ತಂದಿದ್ನ ಅಕ್ಕ ಬೇಲಿ ಆಚೆ ಎಸ್ದುಬಿಟ್ಲು. ಇವತ್ತು ಹಾಕಿಸ್ಕೊಳ್ಳಿ" ಅಂದರು.

ತಲೆ, ಮೀಸೆ ತೆಗೆಸಿಕೊಂಡು ಪಕ್ಕದಲ್ಲೇ ನಿಂತಿದ್ದ ನನಗೆ ಅಳುವಿನ ನಡುವೆಯೇ ನಗು ಬಂತು. ಇವತ್ತಿಗೂ ಯಾರ ಮೇಲಾದರೂ ಮುನಿಸಿಕೊಂಡರೆ ಬೇಲಿಯಾಚೆ ಬಿದ್ದ ಆ ಹಾರ ನೆನಪಾಗುತ್ತದೆ. ಎದ್ದು ಚಪ್ಪಲಿ ಮೆಟ್ಟಿಕೊಂಡು ಅವರ ಮನೆಗೆ ಹೋಗಿಬಿಡುತ್ತೇನೆ.